ಬೆನ್ನ ಮೇಲಿನ ಗಂಟು



ಯುದ್ಧವೆಂದೊಡನೆ ನಮ್ಮ ಕಣ್ಣಿನ ಮುಂದೆ ನಿಲ್ಲುವುವು ಕೋವಿ, ಫಿರಂಗಿ, ವಿಮಾನಗಳು. ಆದರೆ ಕಾಲುದಳದ ಸಿಪಾಯಿಯನ್ನು ಕೇಳಿ ನೋಡಿದರೆ, ಆತನು ಮೊದಲು ಎತ್ತುವುದು ತನ್ನ ಬೆನ್ನಿನ ಮಾತನ್ನು; ಆ ಮೇಲೆ ಪಾದದ ಮಾತನ್ನು. ಸೇನಾಭ್ಯಾಸಕ್ಕಾಗಿ ಕೆಲವು ದಿನ ಬಯಲಿಗೆ ಹೊರಡುವ ತರುಣನು ತನ್ನ ಗಂಟಿನಲ್ಲಿ ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ. ಇದು ಅಲ್ಪವಿಷಯವೆಂದು ತೋರಬಹುದು. 1948ರ ಕಾಯಿದೆಯಿಂದ ಎನ್.ಸಿ.ಸಿ. ಸ್ಥಾಪಿತವಾದ ಮೇಲೆ ನಮ್ಮ ಕಾಲೇಜುಗಳ ಹುಡುಗರೂ ಹುಡುಗಿಯರೂ ಶಿಬಿರಗಳಿಗೆ ಹೋಗುತ್ತ ಬಂದಿರುವುದರಿಂದ, ಕೇಳುತ್ತಿರುವವರಲ್ಲಿ ಅನೇಕರಿಗೆ ಇದು ಮನೆಯ ಮಾತೂ ಹೌದು.

ಈ ಚರ್ಚೆ ಬಹು ಹಳೆಯದು. ರೋಮನ್ ಸೇನಾಪತಿ ಮೇರಿಯಸನು ಸಾಮಾನಿನ ಬಂಡಿಗಳನ್ನು ಕಡಮೆಮಾಡಿ, ಸಿಪಾಯಿಗಳೇ ತಮ್ಮ ಸಾಮಾನನ್ನು ಹೊರುವಂತೆ ಮಾಡಿದುದರಿಂದ ಅವರಿಗೆ ‘ಮೇರಿಯಸನ ಹೇಸರಗತ್ತೆಗಳು’ ಎಂಬ ಅಡ್ಡಹೆಸರು ಬಂದಿತೆಂದು ಹೇಳುವರು. ಯುದ್ಧಶಾಸ್ತ್ರವನ್ನು ಬರೆದ ವೆಜೀಷಿಯಸನು, ಹೊಸದಾಗಿ ಸೇರಿದವರ ಮೇಲೆ 60 ರೋಮನ್ ಪೌಂಡುಗಳವರೆಗೆ ಹೊರೆಯಿಟ್ಟು ನಡಿಗೆಯ ಅಭ್ಯಾಸ ಮಾಡಿಸಬೇಕೆಂದು ವಿಧಿಸುತ್ತಾನೆ. ಈಗಿನ ಲೆಕ್ಕದಲ್ಲಿ ಅದು 20 ಕಿಲೋಗ್ರಾಮಿಗೆ ತುಸು ಕಡಮೆ. ಹೊರೆಯು ದೇಹದ ತೂಕದ ಮೂರರಲ್ಲೊಂದು ಪಾಲನ್ನು ಮೀರಬಾರದೆಂದು ಆಧುನಿಕರು ಸಾಮಾನ್ಯವಾಗಿ ಹೇಳುವ ಮಾತಿಗೂ ಇದು ಹತ್ತಿರವೇ. ಆಯುಧಗಳು ಎಷ್ಟು ಬದಲಾದರೂ ಮನುಷ್ಯನ ಬೆನ್ನುಮೂಳೆ ಹಿಂದಿನದೇ ಅಲ್ಲವೆ!

ಆದರೂ ಹೊರೆ ಬೆಳೆಯುತ್ತಲೇ ಹೋಯಿತು. 1944ನೆಯ ಇಸವಿ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ದೋಣಿಯಿಂದ ಇಳಿದ ಅಮೆರಿಕನ್ ಸಿಪಾಯಿಗಳಲ್ಲಿ ಕೆಲವರು, ಶತ್ರುವಿನ ಗುಂಡು ತಾಕುವ ಮೊದಲೇ, ತಮ್ಮ ಹೊರೆಯ ಭಾರದಿಂದ ನೀರಿನಲ್ಲಿ ಮುಳುಗಿಹೋದರು. ಆ ಯುದ್ಧವನ್ನು ಪರಿಶೀಲಿಸಿದ ಎಸ್.ಎಲ್.ಎ. ಮಾರ್ಷಲ್ ಎಂಬವರು 1950ರಲ್ಲಿ ಸಿಪಾಯಿಯ ಹೊರೆಯನ್ನು ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಬಳಲಿಕೆಯೂ ಭಯವೂ ಒಂದನ್ನೊಂದು ಬೆಳೆಸುತ್ತವೆ ಎಂಬುದೂ, ಪ್ರತಿಯೊಂದು ಸಂಭವಕ್ಕೂ ಒಂದೊಂದು ವಸ್ತುವನ್ನು ಸೇರಿಸುತ್ತ ಹೋಗುವ ಅಧಿಕಾರಿಗಳ ಅತಿಜಾಗರೂಕತೆಯೇ ಸಿಪಾಯಿಯನ್ನು ಕುಗ್ಗಿಸುತ್ತದೆ ಎಂಬುದೂ ಅವರ ವಾದ. ಅವರ ಇತರ ಲೆಕ್ಕಾಚಾರಗಳನ್ನು ಅನೇಕ ವಿದ್ವಾಂಸರು ಸಂಶಯಿಸಿರುವುದುಂಟು. ಈ ಮಾತು ಮಾತ್ರ ಗಟ್ಟಿಯಾದುದೆಂದೇ ನನ್ನ ಎಣಿಕೆ.

‘ಬೇಕಾದೀತು’ ಎಂಬ ಒಂದು ಪದವಿದೆಯಲ್ಲ, ಗಂಟನ್ನು ಕಟ್ಟುವುದು ನಿಜವಾಗಿ ಅದೇ. ಮಗನು ಶಿಬಿರಕ್ಕೆ ಹೊರಟನೆಂದರೆ ತಾಯಿ ಉಪ್ಪಿನಕಾಯಿಯ ಭರಣಿಯನ್ನು ತರುತ್ತಾಳೆ; ತಂದೆ ಎರಡನೆಯ ಕಂಬಳಿಯನ್ನು ತರುತ್ತಾನೆ; ಅಜ್ಜಿಯ ಕಷಾಯದ ಪುಡಿ ಬೇರೆ. ಒಂದೊಂದೂ ಬೇಕಾಗಬಹುದಾದುದೇ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ: ಇದನ್ನು ಹೊತ್ತು ಬಿಸಿಲಿನಲ್ಲಿ ಹತ್ತು ಮೈಲಿ ನಡೆಯುವಷ್ಟು ಇದು ಬೇಕೆ? ಹೀಗೆ ಕೇಳಿದರೆ ಭರಣಿ ತಾನಾಗಿಯೇ ಅಡಿಗೆಮನೆಗೆ ಹಿಂತಿರುಗುತ್ತದೆ.

ಬಿಡಬಾರದುದು ಯಾವುದು? ನೀರಿನ ಸೀಸೆಯ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಅದಾದ ಮೇಲೆ ನಾನು ಮೊದಲು ಹೇಳುವುದು ಕಾಲುಚೀಲ. ಒಣಗಿದ ಕಾಲುಚೀಲದ ಒಂದು ಜೊತೆಗೆ ಇರುವ ಬೆಲೆಯನ್ನು ನಗರದಲ್ಲಿ ಕುಳಿತವರು ಊಹಿಸಲಾರರು. 1914ರ ಚಳಿಗಾಲದಿಂದ ಫ್ರಾನ್ಸಿನ ಕಂದಕಗಳಲ್ಲಿ ಸಾವಿರಾರು ಸಿಪಾಯಿಗಳ ಪಾದಗಳು ತೇವದಲ್ಲಿ ನೆನೆದು, ಊದಿ, ಕೊಳೆತುವು. ಪ್ರತಿದಿನವೂ ಪಾದಗಳನ್ನು ಒರಸಿ, ತಿಮಿಂಗಿಲದ ಎಣ್ಣೆ ತಿಕ್ಕಿ, ಕಾಲುಚೀಲ ಬದಲಾಯಿಸಬೇಕೆಂದು ಆಜ್ಞೆಯಾಯಿತು; ಅಧಿಕಾರಿಗಳು ತಾವೇ ಪಾದಗಳನ್ನು ಪರೀಕ್ಷಿಸತೊಡಗಿದರು. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಲ್ಲಿ ಇದೇ ವ್ಯಾಧಿ ಮತ್ತೆ ತಲೆಯೆತ್ತಿತು. ಹೆಲಿಕಾಪ್ಟರುಗಳನ್ನು ತರುತ್ತಿದ್ದ ಹಡಗು ನಾಶವಾದುದರಿಂದ ಬ್ರಿಟಿಷ್ ಸಿಪಾಯಿಗಳು ಸುಮಾರು 36 ಕಿಲೋಗ್ರಾಂ ಹೊರೆ ಹೊತ್ತು ಜೌಗುನೆಲದಲ್ಲಿ ನಡೆದೇ ಹೋಗಬೇಕಾಯಿತು.

ಅದೇ ಬ್ರಿಟಿಷ್ ಸೇನೆಯಲ್ಲಿ ಒಂದು ಕಠಿಣ ಪದ್ಧತಿಯುಂಟು. ಉಡುಪು ಎರಡು ಜೊತೆ: ಒಂದು ಒದ್ದೆಯಾಗುವುದಕ್ಕೆ, ಇನ್ನೊಂದು ನಿದ್ರೆಗೆ. ರಾತ್ರಿ ಒಣಬಟ್ಟೆಯನ್ನುಟ್ಟು ಮಲಗಿದವನು, ಬೆಳಗ್ಗೆ ಅದನ್ನು ಕಳಚಿ ಭದ್ರವಾಗಿ ಒಳಗಿಟ್ಟು, ನೆನ್ನೆಯ ಒದ್ದೆಬಟ್ಟೆಯನ್ನೇ ಮತ್ತೆ ತೊಡಬೇಕು! ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಬೆಳಗಿನ ಚಳಿಗೆ ಸೋತು ಒಣಬಟ್ಟೆಯಲ್ಲೇ ಹೊರಟವನಿಗೆ, ಮಳೆ ಹಿಡಿದರೆ, ಆ ರಾತ್ರಿ ಒಣಗಿದ ನೂಲೆಂಬುದೇ ಇರದು. ಚಳಿಯ ಸೀಮೆಯಲ್ಲಿ ಅದು ಪ್ರಾಣಕ್ಕೇ ಬಂದೀತು. ನಮ್ಮ ಮಲೆನಾಡಿನ ಮಳೆಯಲ್ಲಿಯೂ ಜ್ವರ ಬರಿಸೀತು. ಒಣಬಟ್ಟೆ ನೀರು ತಾಗದ ಚೀಲದೊಳಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹೊಸ ಬೂಟ್ಸನ್ನು ಶಿಬಿರಕ್ಕೆಂದು ತೆಗೆದಿಟ್ಟು ಹೊರಡುವ ದಿನ ಮೊದಲು ತೊಡುವುದು ದೊಡ್ಡ ಅವಿವೇಕ. ಅದನ್ನು ತಿಂಗಳು ಮುಂಚೆಯೇ ಮೆಟ್ಟಿ ಪಳಗಿಸಬೇಕು.

ಇನ್ನು ಜೋಡಣೆಯ ಕ್ರಮ. ಭಾರವಾದುದು ಬೆನ್ನುಮೂಳೆಗೆ ಒತ್ತಿಕೊಂಡಿರಬೇಕು. ದೂರವಾದಷ್ಟೂ ಅದು ಹಿಂದಕ್ಕೆ ಎಳೆಯುತ್ತದೆ. ರಾತ್ರಿಗೆ ಬೇಕಾದುದು ಅಡಿಗೆ. ದಾರಿಯಲ್ಲಿ ಬೇಕಾಗುವ ಮಳೆಯ ಹೊದಿಕೆ ಎಲ್ಲಕ್ಕೂ ಮೇಲೆ. ಮುಖ್ಯವಾಗಿ, ಪ್ರತಿಯೊಂದು ವಸ್ತುವಿಗೂ ಒಂದು ಸ್ಥಳ ಗೊತ್ತಾಗಿದ್ದು, ಪ್ರತಿಸಲವೂ ಅದು ಅಲ್ಲಿಯೇ ಇರಬೇಕು. ದೀಪ ಹಚ್ಚಬಾರದೆಂಬ ಆಜ್ಞೆಯಿರುವ ರಾತ್ರಿಯಲ್ಲಿ ಕೈಬೆರಳೇ ಕಣ್ಣು. ಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಂಟನ್ನು ಬಿಚ್ಚಿ ಕಟ್ಟುವ ಅಭ್ಯಾಸ ಹುಡುಗಾಟವಲ್ಲ. ಸೂಜಿ ದಾರ ಗುಂಡಿಗಳ ಪುಟ್ಟ ಸುರುಳಿಯೊಂದೂ ಇರಲಿ. ಬ್ರಿಟಿಷ್ ಸೇನೆಯಲ್ಲಿ ಇದಕ್ಕೆ ‘ಹೌಸ್‌ವೈಫ್’, ಎಂದರೆ ಗೃಹಿಣಿ, ಎಂದೇ ಹೆಸರು. ಮನೆಯಿಂದ ದೂರವಾದ ಗಂಡಸಿಗೆ ಹರಿದ ಬಟ್ಟೆಯನ್ನು ಕಂಡಾಗ ಯಾರ ನೆನಪಾಗುತ್ತದೆಂಬುದನ್ನು ಆ ಹೆಸರು ತಿಳಿಸುತ್ತದೆ.

ಕಟ್ಟಿದ ಮೇಲೆ ಗಂಟನ್ನು ಬೆನ್ನಿಗೇರಿಸಿ ನಾಲ್ಕು ಸಲ ನೆಗೆದು ನೋಡಬೇಕು. ತಟ್ಟೆಗೆ ಲೋಟ ತಾಗಿ ಖಣಖಣವೆಂದರೆ, ಅಭ್ಯಾಸದ ಕತ್ತಲೆಯಲ್ಲಿ ಎದುರು ಪಕ್ಷಕ್ಕೆ ಅದೇ ಸುಳಿವು. ಮಧ್ಯೆ ಒಂದು ಬಟ್ಟೆ ತುರುಕಿದರೆ ಸರಿಹೋಗುತ್ತದೆ. ಹಿಂತಿರುಗಿ ಬಂದ ದಿನ, ಎಷ್ಟೇ ದಣಿದಿದ್ದರೂ, ಗಂಟನ್ನು ಬಿಚ್ಚಿ ಮೂರು ರಾಶಿ ಮಾಡಬೇಕು: ದಿನವೂ ಬಳಸಿದುದು, ಒಮ್ಮೊಮ್ಮೆ ಬಳಸಿದುದು, ಮುಟ್ಟದೆಯೇ ಇದ್ದುದು. ಮೂರನೆಯ ರಾಶಿಯಲ್ಲಿ ಗಾಯದ ಪಟ್ಟಿಯೂ ಮಳೆಯ ಹೊದಿಕೆಯೂ ಇದ್ದರೆ ಅವನ್ನು ತೆಗೆದು ಮತ್ತೆ ಚೀಲಕ್ಕೆ ಸೇರಿಸಿ, ಉಳಿದುದನ್ನು ಕಪಾಟಿಗೆ ಹಾಕಿಬಿಡಬಹುದು.