ಗುಂಡಿಗೆ ಸವರಿದ ಜಿಡ್ಡು
(ಉಪನ್ಯಾಸವೊಂದರ ಸಂಗ್ರಹರೂಪ)



1857ರ ದಂಗೆ ಎಂದೊಡನೆ ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟಾಗಳ ಮಾತು ಬರುತ್ತದೆ. ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಗುಂಡಿಗೆ ಕೊಬ್ಬನ್ನೇಕೆ ಸವರಬೇಕಾಗಿತ್ತು ಎಂದು ಕೇಳಿಕೊಂಡವರು ಕಡಿಮೆ.

ಸೀಸ ಮೆತ್ತನೆಯ ಲೋಹ. ಸುಮಾರು 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಹೀಗಾಗಿ ಬೇಟೆಗಾರರು ಮನೆಯಲ್ಲೇ ಅದನ್ನು ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಳ್ಳುತ್ತಿದ್ದರು. ಹಳೆಯ ಬಂದೂಕಿನ ನಳಿಗೆ ಒಳಗೆ ನುಣುಪು; ಗುಂಡು ಸಡಿಲವಾಗಿ ಇಳಿಯುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯಲ್ಲಾದರೋ ಸುರುಳಿ ಗೀರುಗಳಿದ್ದವು. ಮದ್ದು ಸಿಡಿದಾಗ ಗುಂಡು ಹಿಗ್ಗಿ, ಗೀರುಗಳನ್ನು ಹಿಡಿದು, ತಿರುಗುತ್ತ ಹೊರಡುತ್ತಿತ್ತು. ಗುರಿ ನಿಖರವಾಯಿತು. ಆದರೆ ಕರಿಮದ್ದಿನ ಕಿಟ್ಟ ಗಟ್ಟಿಯಾಗಿ ಮುಂದಿನ ಗುಂಡು ಇಳಿಯದಂತಾಗುತ್ತಿತ್ತು. ಸೀಸವೂ ಗೀರುಗಳಿಗೆ ಮೆತ್ತಿಕೊಳ್ಳುತ್ತಿತ್ತು. ಆದ್ದರಿಂದ ಕಾಗದದ ತೋಟಾದಲ್ಲಿ ಗುಂಡಿರುವ ಭಾಗಕ್ಕೆ ಪ್ರಾಣಿಯ ಕೊಬ್ಬು, ಜೇನುಮೇಣಗಳ ಜಿಡ್ಡು ಸವರಿದರು.

ತೋಟಾದ ತುದಿಯನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ತೊಂದರೆ ಇದ್ದುದು ಇಲ್ಲಿಯೇ. ಇದು ಅನಾಹುತಕ್ಕೆ ದಾರಿಯಾದೀತೆಂದು ಕರ್ನಲ್ ಟಕ್ಕರ್ 1853ರಲ್ಲಿಯೇ ಎಚ್ಚರಿಸಿದ್ದ. ಯಾರೂ ಕಿವಿಗೊಡಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ವದಂತಿ ಹಬ್ಬಿತು. ಜಿಡ್ಡನ್ನು ನೀವೇ ತಯಾರಿಸಿಕೊಳ್ಳಿ ಎಂದು ಸರ್ಕಾರ ಅದೇ ತಿಂಗಳು ಒಪ್ಪಿತು. ಆಮೇಲೆ ಕಚ್ಚುವ ಬದಲು ಕೈಯಿಂದ ಹರಿಯಲೂ ಅವಕಾಶ ಕೊಟ್ಟಿತು. ಆದರೆ ನಂಬಿಕೆ ಅಷ್ಟರಲ್ಲೇ ಹೋಗಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರಲ್ಲಿ 85 ಮಂದಿ ತೋಟಾ ಮುಟ್ಟಲೊಪ್ಪಲಿಲ್ಲ. ಮೇ 9ರಂದು ಅವರಿಗೆ ಎಲ್ಲರ ಎದುರಿನಲ್ಲಿ ಬೇಡಿ ತೊಡಿಸಲಾಯಿತು; ಮರುದಿನವೇ ದಂಗೆ.

ಜಿಡ್ಡೊಂದೇ ಕಾರಣವೆಂದು ಹೇಳಲಾಗದು. 1856ರಲ್ಲಿ ಅವಧ್ ಕಂಪನಿಯ ವಶವಾಗಿತ್ತು. ಅದೇ ವರ್ಷ, ಹೊಸದಾಗಿ ಸೇರುವ ಸಿಪಾಯಿಗಳು ಸಮುದ್ರದಾಚೆಗೂ ಹೋಗಬೇಕೆಂಬ ನಿಯಮ ಬಂದಿತ್ತು. ಒಳಗೇ ಕುದಿಯುತ್ತಿದ್ದ ಅಸಮಾಧಾನಕ್ಕೆ ತೋಟಾ ಒಂದು ರೂಪ ಕೊಟ್ಟಿತು.

ದಂಗೆಯ ಬಿಸಿ ನಮ್ಮ ನಾಡಿಗೂ ತಟ್ಟಿತು, ಬೇರೊಂದು ಬಗೆಯಲ್ಲಿ. ಬೆದರಿದ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲೊಪ್ಪದೆ, 1857ರ ನವೆಂಬರಿನಲ್ಲಿ ಕಾದಾಡಿ ಸತ್ತರು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಅವರ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಆಂಗ್ಲ ಅಧಿಕಾರಿ ಫ್ಲೀಟ್ ಎಂಬುದು ಗಮನಾರ್ಹ.

ಮುಂದೆ 1880ರ ದಶಕದಲ್ಲಿ ಹೊಗೆರಹಿತ ಮದ್ದು ಬಂತು. ಅದರ ವೇಗ, ಶಾಖಗಳಿಗೆ ಬರಿಯ ಸೀಸ ತಾಳದು. ತಾಮ್ರದ ಕವಚ ತೊಡಿಸಿದರು. ಇಂದು ಅಮೆರಿಕದಲ್ಲಿ ಮನೆಯಲ್ಲೇ ಗುಂಡು ಎರೆಯುವ ಹವ್ಯಾಸಿಗಳು ಜಿಡ್ಡಿನ ಬದಲು ಬಣ್ಣದ ಪ್ಲಾಸ್ಟಿಕ್ ಪುಡಿ ಲೇಪಿಸಿ, ಒಲೆಯಲ್ಲಿ ಬೇಯಿಸಿ ಗಟ್ಟಿಗೊಳಿಸುವುದುಂಟು. ಲೇಪದ ಉದ್ದೇಶ ಮಾತ್ರ ಹಳೆಯದೇ: ಸೀಸ ನಳಿಗೆಗೆ ಅಂಟಬಾರದು.

ಎನ್‌ಫೀಲ್ಡ್ ರೂಪಿಸಿದವರು ನಳಿಗೆಯ ಒಳಗಿನ ತೊಡಕನ್ನು ಬಗೆಹರಿಸಿದರು. ತೋಟಾ ಕಚ್ಚುವವನ ಬಾಯಿ, ಅವನ ಜಾತಿ, ಧರ್ಮ ಅವರ ಲೆಕ್ಕದಲ್ಲಿ ಇರಲಿಲ್ಲ. ಯಾವ ಪ್ರಾಣಿಯ ಕೊಬ್ಬು ಎಂಬ ಸಾದಾ ಪ್ರಶ್ನೆಗೆ ಸಿಪಾಯಿ ನಂಬುವಂಥ ಉತ್ತರ ಸಮಯಕ್ಕೆ ಸಿಗಲಿಲ್ಲ. ಹೊಸ ತಂತ್ರವನ್ನು ಜನರ ಕೈಗಿಡುವ ಯಾವ ಸರ್ಕಾರವೂ ನೆನಪಿಡಬೇಕಾದ ಸಂಗತಿಯಿದು.