ಹಾಡುಗಾರರೂ ಪಂಡಿತರೂ

ಹಳ್ಳಿಯ ಹಾಡುಗಳನ್ನು ಕೂಡಿಸಿಡುವುದು ಪುಣ್ಯದ ಕೆಲಸವೆಂಬುದನ್ನು ನಾವೆಲ್ಲರೂ ಬಲ್ಲೆವು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಿಗೆ ವಿದ್ಯಾವಂತರ ಸಭೆಯಲ್ಲಿ ಆಸನ ದೊರೆಯಿತು. ಆ ಗೆಳೆಯರು ಅದೇ ಸೀಮೆಯವರು. ಹಾಡಿದ ತಾಯಂದಿರ ಮಾತೂ ಅವರ ಮಾತೂ ಒಂದೇ. ಎಲ್ಲ ಸಂಗ್ರಾಹಕರಿಗೂ ಈ ಭಾಗ್ಯವಿರುವುದಿಲ್ಲ. ಎಷ್ಟೋ ವೇಳೆ ಪಂಡಿತನು ದೂರದಿಂದ ಬರುತ್ತಾನೆ, ಯಂತ್ರವನ್ನಿಟ್ಟು ಹಾಡಿಸುತ್ತಾನೆ, ಹೊರಟುಹೋಗುತ್ತಾನೆ. ಅವನಿಗೆ ಗ್ರಂಥ, ಪದವಿ, ಕೀರ್ತಿ. ಹಾಡಿದವನಿಗೆ ಎಲೆಯಡಿಕೆ ಮತ್ತು ಒಂದು ನಮಸ್ಕಾರ. ಹಾಗಾದರೆ ಹಾಡುಗಾರನು ವಿದ್ವಾಂಸನಿಗೆ ಬರಿಯ ಸಾಮಗ್ರಿಯೋ, ವಿದ್ಯೆಯಲ್ಲಿ ಪಾಲುಗಾರನೋ? ಇದನ್ನು ಸೌಜನ್ಯದ ಪ್ರಶ್ನೆಯೆಂದು ಮಾತ್ರ ಎಣಿಸಲಾಗದು. ಪಾಲು ಕೊಡದಿದ್ದರೆ ವಿದ್ಯೆಯೇ ಊನವಾಗುವುದೆಂಬುದಕ್ಕೆ ನಮ್ಮ ತುಳುನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ.

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಸಮೀಪದಲ್ಲಿ ಮಾಚಾರು ಎಂಬ ಊರಿದೆ. ಅಲ್ಲಿಯ ಗೋಪಾಲ ನಾಯ್ಕರು ಸಿರಿಯ ಪಾಡ್ದನವನ್ನು ಬಲ್ಲ ಹಾಡುಗಾರರು. ಸಿರಿಯ ಆರಾಧನೆಯಲ್ಲಿ ಕುಮಾರನ ಸ್ಥಾನದಲ್ಲಿ ನಿಂತು ನಡೆಸಿದವರು. ಸಿರಿಯೆಂದರೆ ಸತ್ಯನಾಪುರದ ಬೆರ್ಮ ಆಳ್ವರ ಮೊಮ್ಮಗಳು, ಬಸರೂರಿನ ಕಾಂತು ಪೂಂಜನ ಹೆಂಡತಿ. ಬಯಕೆಯ ಶಾಸ್ತ್ರಕ್ಕೆಂದು ಗಂಡನು ತಂದ ಸೀರೆಯನ್ನು ಮೊದಲು ಮತ್ತೊಬ್ಬಳು ಉಟ್ಟಿದ್ದಳೆಂದು ತಿಳಿದು ಅದನ್ನು ಒಲ್ಲೆನೆಂದವಳು. ಕಡೆಗೆ ಆ ಗಂಡನನ್ನೇ ಬಿಟ್ಟು ಎಳೆಯ ಮಗುವಿನೊಡನೆ ಹೊರಟವಳು. ಅವಳಿಂದ ಮಗಳು ಸೊನ್ನೆಗೂ, ಚೆನ್ನೆಯಾಟದಲ್ಲಿ ಜಗಳವಾಗಿ ಅಳಿದ ಅವಳಿ ಮೊಮ್ಮಕ್ಕಳು ಅಬ್ಬಗ–ದಾರಗರಿಗೂ ಕಥೆಯು ಹರಿಯುವುದು. ಇಂದಿಗೂ ಸಿರಿಜಾತ್ರೆಗಳಲ್ಲಿ ಹೆಂಗಸರು ಈ ತಾಯಂದಿರ ಹೆಸರಿನಲ್ಲಿ ತಮ್ಮ ಸಂಕಟವನ್ನು ತೋಡಿಕೊಳ್ಳುವರು.

1990ರ ಡಿಸೆಂಬರಿನಲ್ಲಿ ನಾಯ್ಕರು ಹಲವು ದಿನ ಕುಳಿತು ಈ ಕಾವ್ಯವನ್ನು ಮೊದಲಿನಿಂದ ಕಡೆಯವರೆಗೆ ಹಾಡಿದರು. ಕೇಳಲು ಕುಳಿತವರು ಫಿನ್ಲೆಂಡಿನ ಲೌರಿ ಹೊಂಕೋ, ಅವರ ಪತ್ನಿ ಆನ್ನೆಲಿ ಹೊಂಕೋ, ಮಂಗಳೂರು ವಿಶ್ವವಿದ್ಯಾಲಯದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು. ಹಾಡು 15,683 ಸಾಲುಗಳಾಯಿತು. ಗ್ರೀಕರ ಇಲಿಯಡ್ ಮಹಾಕಾವ್ಯವು ರೂಢಿಯ ಎಣಿಕೆಯಂತೆ 15,693 ಸಾಲು, ಅಂತರ ಹತ್ತೇ!

ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ನಾಟಿಯ ಗದ್ದೆಯಲ್ಲಿ ಕಥೆಯ ಒಂದು ತುಂಡು ಸಾಕು; ಆರಾಧನೆಯಲ್ಲಿ ಆ ಹೊತ್ತಿಗೆ ಬೇಕಾದ ಭಾಗ ಸಾಕು. ಬಾಯಲ್ಲಿ ಹೇಳಿ ಬರೆಸಿದಾಗ ಅದೇ ಹಾಡುಗಾರರಿಂದ ದೊರೆತ ಪಾಠವು ಹಾಡಿದ ಪಾಠಕ್ಕಿಂತ ಬಹಳ ಕಿರಿದಾಗಿತ್ತು. ಮನಸ್ಸಿನಲ್ಲಿದ್ದ ಕಾವ್ಯವು ಪೂರ್ಣವಾಗಿ ಹೊರಬರಬೇಕಾದರೆ ಹಾಡುಗಾರನ ನಡೆಗೆ ಕಾಯುವ, ತಾಳ್ಮೆಯಿಂದ ಕೇಳುವ ಜನ ಬೇಕಾಯಿತು. ಕಾವ್ಯವು ಕಂಠಪಾಠದ ಗಂಟಲ್ಲ, ಸಂದರ್ಭಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಜೀವವಸ್ತುವೆಂಬ ತತ್ತ್ವವನ್ನು ಹೊಂಕೋ ಅವರು ಮುಂದೆ ಲೋಕದ ವಿದ್ವಾಂಸರ ಮುಂದಿಟ್ಟರಷ್ಟೆ. ಅದಕ್ಕೆ ಆಧಾರವಾದುದು ಈ ಹಾಡುಗಾರರ ಅಭ್ಯಾಸವೇ. ತುಳುವು ಅವರ ಮನೆಮಾತಲ್ಲವಾದುದರಿಂದ ಅರ್ಥಕ್ಕೂ ತುಳುವರಾದ ಜೊತೆಗಾರರೇ ದಾರಿ. ಹೀಗೆ ಮೂರು ಬಗೆಯ ವಿದ್ಯೆಗಳು ಕೂಡಿ ಒಂದು ಫಲವಾಯಿತು. 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಾಗಿ ಹೊರಬಂದ ಗ್ರಂಥದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ‘ಒಬ್ಬ ಮುದುಕ ಹೇಳಿದನು’, ‘ಹಳ್ಳಿಯವಳೊಬ್ಬಳಿಂದ ತಿಳಿಯಿತು’ ಎಂದು ಬರೆಯುವ ವಾಡಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರವುಂಟೆ?

ಆದರೂ ಒಂದು ಕೊರತೆಯನ್ನು ಹೇಳದೆ ಬಿಡಲಾಗದು. ಆ ಸಂಪುಟಗಳಲ್ಲಿ ತುಳುವು ರೋಮನ್ ಲಿಪಿಯಲ್ಲಿದೆ, ಅರ್ಥವು ಇಂಗ್ಲಿಷಿನಲ್ಲಿದೆ. ಲೋಕದ ಪಂಡಿತರಿಗೆ ಅದು ತೆರೆದ ಬಾಗಿಲು. ನಾಟಿಗದ್ದೆಯ ಹೆಂಗಸಿಗೆ ಮುಚ್ಚಿದ ಬಾಗಿಲು. ಹೆಸರಿಗೆ ಮನ್ನಣೆ ಸಂದರೂ ಹಾಡು ತವರಿಗೆ ಮರಳುವುದು ಬೇರೆಯ ಕೆಲಸ.

ಮರಳಿಸುವ ಕೆಲಸ ಅಸಾಧ್ಯವಲ್ಲ. ಹಾಲೆಂಡಿನ ಆರ್ನಾಲ್ಡ್ ಬಾಕೆ ಎಂಬ ವಿದ್ವಾಂಸರು 1938ರಲ್ಲಿ ದಕ್ಷಿಣ ದೇಶದಲ್ಲಿ ತಿರುಗಿ ಹಾಡು ಕುಣಿತಗಳನ್ನು ಮುದ್ರಿಸಿಕೊಂಡು ಹೋಗಿದ್ದರು. 1984ರಲ್ಲಿ ನಝೀರ್ ಜೈರಾಝ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಆ ಮುದ್ರಿಕೆಗಳನ್ನು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳ ಅವೇ ಎಡೆಗಳನ್ನು ಹುಡುಕಿಕೊಂಡು ಬಂದರು. ನಡುವೆ ನಲವತ್ತಾರು ವರ್ಷ ಕಳೆದಿತ್ತು. ಹಿಂದಿನವರ ದನಿಯನ್ನು ಇಂದಿನವರಿಗೆ ಕೇಳಿಸಿ, ಯಾವುದು ಉಳಿದಿದೆ, ಯಾವುದು ಮಾರ್ಪಟ್ಟಿದೆ ಎಂದು ವಿಚಾರಿಸಿದರು. ಅಂತಹ ಮುದ್ರಿಕೆಯು ಪರದೇಶದ ಕಪಾಟಿನಲ್ಲಿದ್ದರೆ ದಾಖಲೆ ಮಾತ್ರ. ಊರಿಗೆ ಬಂದರೆ ಮೊಮ್ಮಗನಿಗೆ ತಾತನ ದನಿ.

ಇವುಗಳಿಂದ ನಮಗೆ ತೋರುವುದಿಷ್ಟು. ಏನನ್ನು ಕೇಳಬೇಕೆಂದು ನಿಶ್ಚಯಿಸುವಾಗಲೇ ಹಾಡುಗಾರನನ್ನು ಜೊತೆಗೆ ಕರೆಯಬೇಕು. ದೇವರ ಮುಂದೆ ಮಾತ್ರ ಹಾಡತಕ್ಕದ್ದು ಯಾವುದು, ಯಂತ್ರದ ಮುಂದೆ ಹಾಡಬಹುದಾದುದು ಯಾವುದು ಎಂಬುದನ್ನು ಅವನೇ ಹೇಳಬೇಕು. ಬೇಡವೆಂದರೆ ಪಂಡಿತನು ಕೈಮುಗಿದು ಸುಮ್ಮನಿರಬೇಕು. ಬರೆದುದನ್ನು ಅಚ್ಚಿಗೆ ಕಳುಹಿಸುವ ಮುನ್ನ ಅವನಿಗೆ ಓದಿ ಹೇಳಬೇಕು. ಅವನು ತಿದ್ದಿದುದನ್ನು ತಿದ್ದಬೇಕು. ಅವನ ದುಡಿಮೆಯ ದಿನ ಕೆಟ್ಟುದಕ್ಕೆ ತಕ್ಕ ಸಂಭಾವನೆ ಸಲ್ಲಬೇಕು. ಗ್ರಂಥದಲ್ಲಿ ಹೆಸರು, ಲಾಭ ಬಂದರೆ ಪಾಲು, ಊರಿಗೆ ಒಂದು ಪ್ರತಿ: ಇವು ದಾನವಲ್ಲ, ಸಾಲದ ತೀರುವೆ.

ನಮ್ಮ ಕಾಲೇಜುಗಳ ತರುಣರು ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಈ ಕೆಲಸವನ್ನು ಆರಂಭಿಸಬಹುದು. ಪುಸ್ತಕವನ್ನು ಬಿಚ್ಚುವ ಮೊದಲು ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಲಿ, ಅವಸರಪಡಿಸದೆ ಕೇಳಲಿ. ಯಾವ ಹಾಡನ್ನು ಯಾರಿಂದ ಕಲಿತಳೆಂಬುದನ್ನೂ ಬರೆದುಕೊಳ್ಳಲಿ, ಅವಳ ಹೆಸರನ್ನು ಅವಳೊಪ್ಪಿದರೆ ಮೊದಲ ಪುಟದಲ್ಲಿಯೇ ಬರೆಯಲಿ.