ತೈಲಬಾವಿಯಿಂದ ಬಂದ ವಿಜ್ಞಾನ

ವಿಶ್ವವಿದ್ಯಾಲಯ ಬಿಟ್ಟು ತೈಲ ಕಂಪನಿ ಸೇರಿದ ಭೂವಿಜ್ಞಾನಿಯನ್ನು ವಿದ್ಯೆ ಮಾರಿಕೊಂಡವನೆಂದು ನೋಡುವವರುಂಟು. ಸಂಬಳ ಕೊಡುವವರ ಮುಂದೆ ಸತ್ಯ ಬಾಗುತ್ತದೆಂಬ ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಅಮೆರಿಕದ ಎಂ. ಕಿಂಗ್ ಹಬ್ಬರ್ಟ್ ಅವರ ವೃತ್ತಿಜೀವನ ಬೇರೆಯದನ್ನೇ ಹೇಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1943ರಲ್ಲಿ ಶೆಲ್ ಕಂಪನಿ ಸೇರಿದವರು ಅವರು. ಅಮೆರಿಕದ ತೈಲ ಉತ್ಪಾದನೆ 1965ರಿಂದ 1970ರೊಳಗೆ ಶಿಖರ ಮುಟ್ಟಿ ಇಳಿಯುತ್ತದೆಂದು 1956ರಲ್ಲಿ ತೈಲೋದ್ಯಮದವರ ಸಭೆಯಲ್ಲೇ ಹೇಳಿದರು. ಮಾತು ಮೆದುಗೊಳಿಸಿ ಎಂದು ಕಂಪನಿಯಿಂದ ಒತ್ತಾಯ ಬಂದಿತ್ತು. ಅವರು ಮಣಿಯಲಿಲ್ಲ, ಕೆಲಸವೂ ಹೋಗಲಿಲ್ಲ. 1970ರ ನಂತರ ಉತ್ಪಾದನೆ ಇಳಿಯತೊಡಗಿತು.

ಕಿಲೋಮೀಟರುಗಟ್ಟಲೆ ಆಳಕ್ಕೆ ಕೊರೆಯುವ ದುಡ್ಡು ಕಾಲೇಜಿನ ಯಾವ ವಿಭಾಗದ ಬಳಿ ಇದೆ? ಕಂಪನಿಗಳ ಅಂಥ ಕೊರೆತ ವಿಜ್ಞಾನಕ್ಕೂ ನೆರವಾಗಿದೆ. ಬೃಹತ್ ಬಂಡೆಪದರಗಳು ಪುಡಿಯಾಗದೆ ಹತ್ತಾರು ಕಿಲೋಮೀಟರ್ ಜಾರಿದ್ದು ಹೇಗೆಂಬುದು ವಿದ್ವಾಂಸರಿಗೆ ಬಹುಕಾಲ ಒಗಟಾಗಿತ್ತು. ಬಂಡೆಯ ರಂಧ್ರಗಳಲ್ಲಿ ಸಿಕ್ಕಿಕೊಂಡ ದ್ರವದ ಒತ್ತಡವೇ ಘರ್ಷಣೆ ತಗ್ಗಿಸುತ್ತದೆಂದು 1959ರಲ್ಲಿ ಹಬ್ಬರ್ಟ್ ಮತ್ತು ಸರ್ಕಾರಿ ಭೂವಿಜ್ಞಾನಿ ವಿಲಿಯಂ ರೂಬಿ ತೋರಿಸಿಕೊಟ್ಟರು. ಅಂಥ ಒತ್ತಡಕ್ಕೆ ಸಾಕ್ಷಿ ಸಿಕ್ಕಿದ್ದು ತೈಲಬಾವಿಗಳಲ್ಲಿ. ಇನ್ನೊಂದು ಆಕ್ಷೇಪವೂ ಇದೆ: ಶೇಲ್ ಬಂಡೆ ಸೀಳಿ ತೆಗೆದ ತೈಲದಿಂದ ಅಮೆರಿಕ 2018ರಲ್ಲಿ 1970ರ ಮಟ್ಟವನ್ನೇ ದಾಟಿತಲ್ಲ, ಹಬ್ಬರ್ಟ್ ಲೆಕ್ಕ ತಪ್ಪಲಿಲ್ಲವೇ? ತಪ್ಪಿತು ನಿಜ. ಆದರೆ ಆ ಸೀಳುವಿಕೆಗೆ ಆಧಾರವಾದ, ನೀರಿನ ಒತ್ತಡದಿಂದ ಬಂಡೆ ಯಾವ ದಿಕ್ಕಿಗೆ ಸೀಳುತ್ತದೆಂಬ ತತ್ವವನ್ನು 1957ರಲ್ಲಿ ಡೇವಿಡ್ ವಿಲ್ಲಿಸ್ ಜೊತೆ ವಿವರಿಸಿದವರೂ ಇದೇ ಹಬ್ಬರ್ಟ್. ದೂರಲೇಬೇಕೆಂದರೆ, ಕಂಪನಿ ಸೇರಿದವರನ್ನಲ್ಲ, ಬಾವಿಗಳ ಮಾಹಿತಿಯನ್ನು ಬೀಗ ಹಾಕಿಡುವ ಕಂಪನಿಗಳನ್ನು ದೂರಬೇಕು.